ಕಣದಲ್ಲಿ ನೆಟ್ಟ ಸೋಲಾರು

ನಮ್ಮ ಮಾವನವರಿಗೆ ಸೋಲಾರಿನ ಹುಚ್ಚು ಹಿಡಿದದ್ದು ದಂಡಿಗನಹಳ್ಳಿಯ ನೆಂಟರ ಮನೆಯ ತಿಥಿಯೂಟದಲ್ಲಿ. ಮಧ್ಯಾಹ್ನದ ಊಟಕ್ಕೆಂದು ಹೋದವರು ಮಾತಿಗೆ ಕೂತು ಸಂಜೆ ಮಾಡಿಕೊಂಡರಂತೆ. ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತಂತೆ. ಊರೆಲ್ಲ ಕಪ್ಪಾದರೂ ಆ ಮನೆಯ ಪಡಸಾಲೆಯಲ್ಲಿ ಮಾತ್ರ ಬೆಳ್ಳನೆಯ ದೀಪವೊಂದು ಏನೂ ಆಗಿಲ್ಲವೆನ್ನುವಂತೆ ಉರಿಯುತ್ತಿತ್ತಂತೆ. ಮರುದಿನ ಊರಿಗೆ ಬಂದವರು ತಿಥಿಯ ಅಡುಗೆ ಹೇಗಿತ್ತು, ಯಾರು ಯಾರು ಬಂದಿದ್ದರು ಎಂದು ಅತ್ತೆ ಕೇಳಿದ ಒಂದು ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಹೆಗಲ ಮೇಲಿನ ಟವೆಲ್ಲು ಕೂಡ ತೆಗೆಯದೆ ನನ್ನ ಎದುರು ಕೂತು, "ಸೂರ್ಯಂಗೆ ಯಾರ ಸೈನೂ ಬೇಕಾಗಿಲ್ಲ ಕಣವ್ವ" ಎಂದರು.

ಆ ಮಾತು ಅರ್ಥವಾಗಬೇಕಾದರೆ ನಮ್ಮ ಮನೆಗೆ ಕರೆಂಟು ಯಾಕಿರಲಿಲ್ಲ ಎನ್ನುವುದನ್ನು ಹೇಳಬೇಕು.

ನಾನು ಹಾಸನದ ಪೇಟೆಯಲ್ಲಿ ಬೆಳೆದವಳು. ಸ್ವಿಚ್ಚು ಒತ್ತಿದರೆ ದೀಪ ಹತ್ತುವುದು ಗಾಳಿ ಬೀಸುವಷ್ಟೇ ಸಹಜ ಎಂದುಕೊಂಡಿದ್ದವಳು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮದುವೆಯಾಗಿ ಹಳೇಕೋಟೆಯ ಕಡೆಯ ಈ ಮನೆಗೆ ಬಂದೆ. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು ಕೆಲಸ. ಹಗಲೆಲ್ಲ ಮಕ್ಕಳಿಗೆ ವಿದ್ಯುತ್ ಪಾಠ ಮಾಡಿ, ಸಂಜೆ ಬಸ್ಸಿಳಿದು ಬಂದು, ಲಾಟೀನಿನ ಬುಡದಲ್ಲಿ ಅದೇ ವಿದ್ಯುತ್ ಪಾಠದ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ನಮ್ಮದು ಊರೊಳಗಿನ ಮನೆಯಲ್ಲ. ನಾಲೆ ದಾಟಿ, ತೆಂಗಿನ ತೋಟದ ಆಚೆ, ಗದ್ದೆ ಬಯಲಿಗೆ ಮುಖ ಮಾಡಿದ ಹಂಚಿನ ಮನೆ. ಪಕ್ಕದಲ್ಲೇ ಅದರ ಜೋಡಿಯಂತೆ ಇನ್ನೊಂದು ಹಂಚಿನ ಮನೆ. ಅದು ಮಾವನವರ ತಮ್ಮನದು, ಅಂದರೆ ನಮ್ಮ ಚಿಕ್ಕಮಾವನವರದು. ಎರಡು ಮನೆಗಳ ನಡುವೆ ರಾಗಿ ಬಡಿಯುವ ಕಣ. ಪಾಲಾದಾಗ ಗದ್ದೆ, ತೋಟ, ಹಸು, ಹಂಡೆ ಎಲ್ಲ ಹಂಚಿಹೋಗಿ, ಕಣವೊಂದು ಮಾತ್ರ ಇಬ್ಬರಿಗೂ ಸೇರಿದ್ದು ಎಂದು ಉಳಿದಿತ್ತು.

ಕರೆಂಟಿನ ಲೈನು ಊರ ಕೊನೆಯವರೆಗೂ ಬಂದು ನಿಂತಿತ್ತು. ಅಲ್ಲಿಂದ ನಮ್ಮ ಮನೆಗಳಿಗೆ ಕಂಬ ಹಾಕಬೇಕಾದರೆ ಚಿಕ್ಕಮಾವನವರ ತೋಟದ ಮೇಲೇ ಹಾಯಬೇಕು. ಅದಕ್ಕೆ ಅವರ ಒಪ್ಪಿಗೆಯ ಸಹಿ ಬೇಕು. ಸಹಿ ಬೇಕಾದರೆ ಮಾವನವರು ಕೇಳಬೇಕು. ಮಾವನವರು ಕೇಳುವವರಲ್ಲ. ಯಾಕೆಂದರೆ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ.

ಮಾತು ನಿಂತದ್ದು ಆಸ್ತಿಗಲ್ಲ. ಪಾಲು ಹಂಚಿಕೊಳ್ಳುವಾಗ ಇಬ್ಬರೂ ಒಬ್ಬರಿಗೊಬ್ಬರು "ನೀನೇ ಇಟ್ಕೊ" ಎನ್ನುತ್ತಿದ್ದರು ಎಂದು ಊರವರು ಈಗಲೂ ಹೇಳುತ್ತಾರೆ. ಮಾತು ನಿಂತದ್ದು ಒಂದು ಬಾಳೆ ಎಲೆಗೆ. ಚಿಕ್ಕಮಾವನವರು ಮಗಳ ಮದುವೆ ಮಾಡಿದಾಗ ಬೀಗರ ಉಪಚಾರದ ಗಡಿಬಿಡಿಯಲ್ಲಿ ಅಣ್ಣನನ್ನು ಕೈಹಿಡಿದು ಮೊದಲ ಪಂಕ್ತಿಯಲ್ಲಿ ಕೂರಿಸಲಿಲ್ಲ. ಮಾವನವರು ಕೊನೆಯ ಪಂಕ್ತಿಯವರೆಗೂ ಛತ್ರದ ಕಂಬಕ್ಕೊರಗಿ ನಿಂತಿದ್ದು, ಉಣ್ಣದೆ ಮನೆಗೆ ಬಂದರು. ಚಿಕ್ಕಮಾವನವರ ವಾದವೂ ತಪ್ಪೆನ್ನುವಂತಿರಲಿಲ್ಲ. ಮನೆಯ ಹಿರಿಯನಾದವನು ಪಂಚೆ ಎತ್ತಿ ಕಟ್ಟಿ ಬಡಿಸಲು ನಿಲ್ಲಬೇಕೇ ಹೊರತು ನೆಂಟನಂತೆ ಕರೆಯಲಿ ಎಂದು ಕಾಯುತ್ತಾರೆಯೇ ಎನ್ನುವುದು ಅವರ ಪ್ರಶ್ನೆ. ಆ ಪ್ರಶ್ನೆಯನ್ನು ಅವರು ಊರಿನ ಎಲ್ಲರನ್ನೂ ಕೇಳಿದರು, ಅಣ್ಣನೊಬ್ಬರನ್ನು ಬಿಟ್ಟು. ಅಣ್ಣ ಬಂದು ಸಹಿ ಕೇಳಲಿ ಎಂದು ಅವರು, ಕೇಳುವುದಿಲ್ಲ ಎಂದು ಇವರು. ಹೀಗೆ ಎರಡು ಮನೆಯವರೂ ಸೀಮೆಎಣ್ಣೆ ಹೊಗೆ ಕುಡಿಯುತ್ತಿದ್ದೆವು.

ನಮ್ಮ ಅತ್ತೆಗೂ ಚಿಕ್ಕತ್ತೆಗೂ ಮಾತು ನಿಂತಿತ್ತು ಎಂದು ಗಂಡಸರು ತಿಳಿದುಕೊಂಡಿದ್ದರು. ನಿಜವೇನೆಂದರೆ ಹಿತ್ತಿಲ ಬೇಲಿಯ ಸಂದಿನಲ್ಲಿ ಹೆಪ್ಪಿನ ಮಜ್ಜಿಗೆ, ಕರಿಬೇವು, ಊರ ಸುದ್ದಿ ದಿನವೂ ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದವು. ಗಂಡಸರು ಕೆಮ್ಮುವ ಸದ್ದಾದರೆ ಇಬ್ಬರೂ ಬೇಲಿಯ ಎರಡು ಬದಿಗೆ ಕೂತು ಸೊಪ್ಪು ಬಿಡಿಸುತ್ತಿದ್ದರು.

ಇಂಥ ಹೊತ್ತಿನಲ್ಲಿ ಮಾವನವರು ಸೂರ್ಯನನ್ನು ಕಂಡುಕೊಂಡರು. ತಮ್ಮನನ್ನು ಕೇಳದೆ ಮನೆಗೆ ಬೆಳಕು ತರುವ ದಾರಿ ಸಿಕ್ಕಿಬಿಟ್ಟಿತ್ತು. ನನ್ನ ಗಂಡ ಹಾಸನದ ಆಫೀಸಿನಿಂದ ಬಂದ ಮೇಲೆ ವಿಷಯ ಕೇಳಿ, ಅಪ್ಪನಿಗೆ ಹೇಳುವವರು ಯಾರು ಎಂದು ನನ್ನ ಮುಖ ನೋಡಿ ಕೈ ತೊಳೆದುಕೊಂಡರು. ಸೋಲಾರು ಹಾಕುವವರನ್ನು ಹುಡುಕುವ ಕೆಲಸಕ್ಕೆ ಮಾವನವರು ವಿಜ್ಞಾನ ಓದಿದವಳೆಂದು ನನ್ನನ್ನು ಜೊತೆ ಮಾಡಿಕೊಂಡರು. ಆದರೆ ಆರಿಸುವ ಅಧಿಕಾರ ತಮ್ಮ ಕೈಯಲ್ಲೇ ಇಟ್ಟುಕೊಂಡರು.

ಮೊದಲು ಹಾಸನದಿಂದ ಒಬ್ಬರು ಬಂದರು. ಇಸ್ತ್ರಿ ಮಾಡಿದ ಶರಟು, ಬೂಟು, ಕೈಯಲ್ಲಿ ಬಣ್ಣದ ಕಾಗದ. ಮನೆಯೊಳಗೆ ಸುತ್ತಿ ನೋಡಿ, ನನ್ನೊಬ್ಬಳ ಜೊತೆ ಅರ್ಧ ಇಂಗ್ಲಿಷಿನಲ್ಲಿ ಮಾತಾಡಿದರು. ಅತ್ತೆ ತಂದ ಮಜ್ಜಿಗೆಯನ್ನು ಶೀತವಾಗುತ್ತದೆ ಎಂದು ಹಾಗೇ ಇಟ್ಟು ಹೊರಟರು. ಕೆಲಸ ಚೆನ್ನಾಗಿಯೇ ಬಲ್ಲವರಂತೆ ನನಗೆ ಕಂಡರು. ಮಾವನವರು ಒಪ್ಪಲಿಲ್ಲ. ಮನೆಯ ಮಜ್ಜಿಗೆ ಕುಡಿಯದವನು ಮನೆಯ ಮೇಲೆ ಹತ್ತಬಾರದು ಎಂದುಬಿಟ್ಟರು. ಆಮೇಲೆ ಅರಕಲಗೂಡಿನಲ್ಲಿ ಒಬ್ಬರನ್ನು ವಿಚಾರಿಸಿದೆವು. ದೀಪಾವಳಿ ಕಳೆಯಲಿ ಎಂದರು ಅವರು. ಯಾವ ದೀಪಾವಳಿ ಎಂದು ನಾವು ಕೇಳಿಕೊಳ್ಳಬೇಕಿತ್ತು.

ಕೊನೆಗೆ ಸಿಕ್ಕಿದವರು ಚನ್ನರಾಯಪಟ್ಟಣದವರು. ಮಾವನವರು ತೆಂಗಿನಕಾಯಿ ಮಾರಲು ಹೋದಾಗ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ ಅವರನ್ನು ಕಂಡು ಬಂದಿದ್ದರು. ಮಿಕ್ಸಿ, ಫ್ಯಾನು ರಿಪೇರಿಯ ಜೊತೆಗೆ ಸೋಲಾರೂ ಹಾಕುತ್ತಿದ್ದರಂತೆ. ಮಾವನವರು ಮಾಡಿದ ಸಂದರ್ಶನವನ್ನು ಅವರ ಬಾಯಲ್ಲೇ ಕೇಳಿದೆ. ಮೊದಲು ಯಾವ ಊರು ಎಂದು ಕೇಳಿದರಂತೆ. ಆಮೇಲೆ ಹೆಣ್ಣು ತಂದದ್ದು ಎಲ್ಲಿಂದ ಎಂದು. ಆಮೇಲೆ, ನಿನ್ನ ಮನೆಗೆ ಸೋಲಾರು ಹಾಕಿಸಿದ್ದೀಯೇನಪ್ಪ ಎಂದು. ಆತ, ಇಲ್ಲ ಯಜಮಾನರೇ, ನಮ್ಮ ಮನೆಗೆ ಕರೆಂಟಿದೆಯಲ್ಲ ಎಂದನಂತೆ. ಈ ಉತ್ತರಕ್ಕೆ ಮಾವನವರು ಸೋತುಹೋದರು. ತನ್ನ ಸರಕಿನ ವಿಷಯದಲ್ಲಿ ಸುಳ್ಳು ಹೇಳದ ವ್ಯಾಪಾರಿಯನ್ನು ಅವರು ಚನ್ನರಾಯಪಟ್ಟಣದಲ್ಲಿ ಅದೇ ಮೊದಲು ಕಂಡದ್ದಂತೆ.

ಸೋಲಾರಿನವರು ಒಂದು ಭಾನುವಾರ ಮೊಪೆಡ್ಡಿನಲ್ಲಿ ಬಂದಿಳಿದರು. ಗುಂಡಗೆ, ನಗುಮುಖ, ತಲೆಗೆ ಬಟ್ಟೆಯ ಟೋಪಿ. ಮಜ್ಜಿಗೆ ಒಂದಲ್ಲ, ಎರಡು ಚೊಂಬು ಕುಡಿದರು. ಅವರೆಕಾಳು ಸಾರಿಗೆ ಮುದ್ದೆ ಮುರಿದ ರೀತಿ ನೋಡಿ ಅತ್ತೆಯೂ ಸೋತರು. ಊಟವಾದ ಮೇಲೆ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಣೆಗೆ ಕೈ ಅಡ್ಡ ಹಿಡಿದು ಸೂರನ್ನು ಬಹಳ ಹೊತ್ತು ನೋಡಿದರು. ಬಿಸಿಲು ಹಿಡಿಯುವ ಪ್ಲೇಟನ್ನು ಹಂಚಿನ ಮೇಲೆ ಕೂರಿಸುವುದು ಕಷ್ಟ, ಹಂಚು ಹಳೆಯದು ಎಂದರು. ಮಾವನವರು ಮರುವಾರಕ್ಕೆ ಸೂರಿನ ಬಿಸಿಲು ಬೀಳುವ ಕಡೆಯ ಹಂಚನ್ನೆಲ್ಲ ಹೊಸದು ಹೊದಿಸಿದರು.

ಎರಡನೆಯ ಸಲ ಬಂದಾಗ ಕೋತಿಯ ವಿಷಯ ಎತ್ತಿದರು. ಕೋತಿಗಳು ಪ್ಲೇಟಿನಲ್ಲಿ ಮುಖ ನೋಡಿಕೊಂಡು, ಇನ್ನೊಂದು ಕೋತಿ ಅಂತ ತಿಳಿದು, ಕಲ್ಲು ತಂದು ಕುಟ್ಟುತ್ತವೆ ಎಂದರು. ನಮ್ಮ ಕಡೆ ಕೋತಿಗಳು ಬರುತ್ತಿದ್ದುದೇ ಅಪರೂಪ. ಆದರೂ ಮಾವನವರು ತಂತಿ ಬಲೆ ತಂದಿಟ್ಟರು. ಮೂರನೆಯ ಸಲ, ಚಿಕ್ಕಮಾವನವರ ತೋಟದ ತೆಂಗಿನ ಮರದ ನೆರಳು ಸೂರಿನ ಮೇಲೆ ಬೀಳುತ್ತದೆ, ನೆರಳು ಬಿದ್ದರೆ ಸೋಲಾರು ಸತ್ತ ಹಾಗೆ ಎಂದರು. ಮಾವನವರ ಮುಖ ನೋಡುವಂತಿರಲಿಲ್ಲ. ಸೂರ್ಯನಿಗೂ ನಮಗೂ ನಡುವೆ ತಮ್ಮನೇ ಬಂದು ನಿಂತಂತಾಯಿತು. ಮರ ಕಡಿಸಲು ಕೇಳಬೇಕೆಂದರೆ ಅದು ಕಂಬಕ್ಕೆ ಸಹಿ ಕೇಳುವುದಕ್ಕಿಂತ ಕಷ್ಟ. ಕಾಯಿ ಬಿಡುವ ತೆಂಗನ್ನು ಕಡಿಯಿರಿ ಎನ್ನಲು ಯಾರಿಗೆ ನಾಲಗೆ ಬಂದೀತು?

ಇಲ್ಲಿ ನನ್ನ ವಿಜ್ಞಾನ ಕೆಲಸಕ್ಕೆ ಬಂತು ಎಂದುಕೊಂಡೆ. ರಜೆಯ ದಿನ ಬೆಳಗಿನಿಂದ ಸಂಜೆಯವರೆಗೆ ಅಂಗಳದಲ್ಲಿ ಕೂತು ಆ ಮರದ ನೆರಳು ಎಲ್ಲೆಲ್ಲಿ ಹೋಗುತ್ತದೆ ಎಂದು ಸುಣ್ಣದಲ್ಲಿ ಗುರುತು ಮಾಡಿದೆ. ಎಳೆಬಿಸಿಲು ಕಳೆದರೆ ಸೂರಿನ ದಕ್ಷಿಣದ ಕಡೆಗೆ ನೆರಳಿನ ಸುಳಿವೇ ಇರಲಿಲ್ಲ. ಸೋಲಾರಿನವರಿಗೆ ತೋರಿಸಿದೆ. ಅವರು ಸುಣ್ಣದ ಗುರುತುಗಳನ್ನು ಮೆಚ್ಚಿಕೊಂಡು ನೋಡಿದರು. ಆಮೇಲೆ, "ನೀವೇಳೋದು ಸರಿ ಟೀಚರಮ್ಮ. ಆದ್ರೆ ಇದು ಈ ತಿಂಗಳ ನೆರಳು" ಎಂದರು. ನಾನು ಸುಣ್ಣದ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ.

ಮಾವನವರ ತಾಳ್ಮೆ ಅಲ್ಲಿಗೆ ಮುಗಿಯಿತು. ಊರಿನಿಂದ ಬಿದಿರೇಣಿ ಹೊತ್ತು ತರಿಸಿ ಗೋಡೆಗೆ ಒರಗಿಸಿ, ಮಾತು ಸಾಕು, ಹತ್ತಿ ನೋಡಪ್ಪ ಎಂದರು. ಸೋಲಾರಿನವರು ಟೋಪಿ ತೆಗೆದು ಜೇಬಿಗಿಟ್ಟರು. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟರು, ಎರಡನೆಯದಕ್ಕೂ ಇಟ್ಟರು. ಅಲ್ಲಿ ನಿಂತುಬಿಟ್ಟರು. ನಾನು ಏಣಿ ಹಿಡಿದು ಕೆಳಗಿದ್ದೆ. ಅವರ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಬಿದಿರನ್ನು ಎದೆಗೆ ಅವುಚಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಇಳಿದು, ಬೆವರು ಒರೆಸಿಕೊಂಡು, ಬಿದಿರು ಹಸಿಯದು ಯಜಮಾನರೇ, ಭಾರ ತಡೆಯುವುದಿಲ್ಲ ಎಂದರು. ಆ ಬಿದಿರು ನನ್ನ ಗಂಡ ಹುಟ್ಟುವ ಮೊದಲೇ ಕಡಿದದ್ದು.

ಮಾವನವರು ಏಣಿಯನ್ನು ಬೈಯುತ್ತ ಹೋದರು. ಅಡುಗೆಮನೆಗೆ ಬಂದರೆ ಅತ್ತೆ ಕಿಟಕಿಯಿಂದ ಎಲ್ಲ ನೋಡಿದ್ದರು. ದನಿ ತಗ್ಗಿಸಿ ನನಗೆ ಹೇಳಿದರು. "ಆವಪ್ಪಂಗೆ ಎತ್ರ ಅಂದ್ರೆ ಭಯ ಕಣವ್ವ. ನಿಮ್ಮಾವಂಗೆ ಏಳ್ಬ್ಯಾಡ. ಸುಮ್ಕಿರು, ಇದ್ರಾಗೆ ನಮ್ಗೂ ಒಂದು ಕೆಲ್ಸ ಐತೆ."

ಎತ್ತರಕ್ಕೆ ಹೆದರುವವನು ಸೋಲಾರಿನ ಕಸುಬು ಹಿಡಿಯುವುದೆಂದರೆ ನೀರಿಗೆ ಹೆದರುವವನು ಅಂಬಿಗನಾದಂತೆ. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಅವರು ಆಗಲೇ ಬೇಲಿಯ ಕಡೆ ಹೊರಟಿದ್ದರು. ಆ ದಿನ ಬೇಲಿಯ ಬದಿಯಲ್ಲಿ ಬಿಡಿಸಿದ ಸೊಪ್ಪು ಎರಡು ಮನೆಗೆ ವಾರಕ್ಕಾಗುವಷ್ಟಿತ್ತು.

ಮುಂದಿನ ಸಲ ಸೋಲಾರಿನವರು ಬಂದಾಗ ಅತ್ತೆ ಬಸ್ಸಾರು ಬಡಿಸುತ್ತ, ಏನೂ ತಿಳಿಯದವರಂತೆ, ಮನೆ ಮೇಲೇ ಯಾಕೆ ಇಡಬೇಕು, ಕಣದಲ್ಲಿ ಒಂದು ಕಂಬ ನೆಟ್ಟು ಅದರ ತುದಿಗೆ ಇಟ್ಟರೆ ಆಗುವುದಿಲ್ಲವೇ ಎಂದು ಕೇಳಿದರು. ಸೋಲಾರಿನವರ ಮುಖದಲ್ಲಿ ದೀಪ ಹತ್ತಿದ್ದನ್ನು ನಾನು ಆವತ್ತು ಕಂಡೆ. ಕೈಯಲ್ಲಿದ್ದ ತುತ್ತನ್ನು ಅಲ್ಲೇ ಬಿಟ್ಟು, ಟೆಕ್ನಿಕಲ್ಲಾಗಿ ನೋಡಿದರೆ ಅದೇ ಫಸ್ಟ್ ಕ್ಲಾಸು ಎಂದರು. ಕಣದ ಮೇಲೆ ಯಾವ ನೆರಳೂ ಇಲ್ಲ, ಗಾಳಿ ಚೆನ್ನಾಗಿ ಆಡುತ್ತದೆ, ಒರೆಸುವುದಕ್ಕೂ ಸುಲಭ, ಹೊರದೇಶದಲ್ಲೆಲ್ಲ ಈಗ ಹೀಗೇ ಮಾಡುತ್ತಾರೆ ಎಂದರು. ಊಟ ಮುಗಿಯುವ ಹೊತ್ತಿಗೆ ಅದು ಪೂರ್ತಿ ಅವರದೇ ಯೋಚನೆಯಾಗಿತ್ತು. ಅತ್ತೆ ಅದಕ್ಕೆ ತಲೆದೂಗಿ ಇನ್ನೊಂದು ಮುದ್ದೆ ಹಾಕಿದರು.

ಮಾವನವರು ಮಾತ್ರ ಊಟದ ಎಲೆಯಿಂದಲೇ ಎದ್ದುಬಿಟ್ಟರು. ಕಣ ಇಬ್ಬರದು. ಅಲ್ಲಿ ಗೂಟ ಹೊಡೆಯಬೇಕಾದರೂ ತಮ್ಮ ಹೂಂ ಎನ್ನಬೇಕು. ತಮ್ಮನನ್ನು ಕೇಳಬಾರದು ಎಂದೇ ತಾನೆ ಸೋಲಾರಿಗೆ ಹೋದದ್ದು? ಅತ್ತೆ ತಾಳ್ಮೆಯಿಂದ, ನೀವು ಯಾಕೆ ಕೇಳುತ್ತೀರಿ, ಬೇಕಾದವರು ಕೇಳಿಕೊಳ್ಳಲಿ, ಕೆಲಸ ಅವರದು ತಾನೆ ಎಂದು ಸೋಲಾರಿನವರ ಕಡೆ ನೋಡಿದರು. ಏಣಿಯಿಂದ ತಪ್ಪಿಸಿಕೊಳ್ಳಲು ಆ ಮನುಷ್ಯ ಏನು ಬೇಕಾದರೂ ಮಾಡಲು ಸಿದ್ಧವಿದ್ದರು. ಕೈ ತೊಳೆದವರೇ ಟೋಪಿ ಸರಿ ಮಾಡಿಕೊಂಡು ಕಣ ದಾಟಿ ಹೋದರು.

ಆ ಮಧ್ಯಾಹ್ನ ಅವರು ಕಣವನ್ನು ಎಷ್ಟು ಸಲ ದಾಟಿದರೋ. ಚಿಕ್ಕಮಾವನವರು ಮೊದಲು ಕೇಳಿದ್ದು, ಕೇಳುತ್ತಿರುವುದು ನೀನೋ ನಮ್ಮಣ್ಣನೋ ಎಂದು. ಮಾವನವರು ಇತ್ತಲಿಂದ, "ನಾನ್ ಕೇಳ್ತಾ ಇಲ್ಲ. ಸೋಲಾರಿನೋನು ಕೇಳ್ತಾವ್ನೆ ಅನ್ನು" ಎಂದು ಹೇಳಿ ಕಳಿಸಿದರು. ಜಗುಲಿಯ ಮೇಲೆ ಕೂತ ಅವರ ದನಿ ಆಚೆಯ ಜಗುಲಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಚಿಕ್ಕಮಾವನವರ ಉತ್ತರವೂ ಅಷ್ಟೇ ಸ್ಪಷ್ಟವಾಗಿ ನಮಗೆ ಕೇಳಿಸುತ್ತಿತ್ತು. ಆದರೂ ಸೋಲಾರಿನವರು ನಡೆದು ಬಂದು ಹೇಳುವವರೆಗೆ ಇಬ್ಬರೂ ಕಿವುಡರಂತೆ ಕಾಯುತ್ತಿದ್ದರು. ಸೋಲಾರಿನವರು ಬುದ್ಧಿವಂತರು. ಆ ಕಡೆ "ನಮ್ಮಣ್ಣನ ಗತ್ತಿಗೇನೂ ಕಮ್ಮಿಯಿಲ್ಲ" ಎಂದದ್ದನ್ನು ಈ ಕಡೆ "ಅಣ್ಣನ ಆರೋಗ್ಯ ಹೇಗಿದೆ ಅಂತ ಕೇಳಿದರು" ಎಂದು ತಲುಪಿಸುತ್ತಿದ್ದರು. ಮೂಲ ಮಾತು ಕೇಳಿಸಿಕೊಂಡಿದ್ದ ಮಾವನವರು ಈ ಹೊಸ ಮಾತನ್ನೂ ಗಂಭೀರವಾಗಿ ಕೇಳಿಸಿಕೊಂಡು, ಪರವಾಗಿಲ್ಲ ಅನ್ನು ಎಂದರು.

ಕೊನೆಗೆ ಚಿಕ್ಕಮಾವನವರ ಷರತ್ತುಗಳು ಬಂದವು. ಕಂಬ ಕಣದ ನಟ್ಟನಡುವೆ, ಹಿಂದೆ ಎತ್ತು ಕಟ್ಟಿ ತುಳಿಸಲು ಮೇಟಿ ನೆಡುತ್ತಿದ್ದ ಜಾಗದಲ್ಲೇ ನಿಲ್ಲಬೇಕು. ಯಾರ ಮನೆಯ ಕಡೆಗೂ ಒಂದು ಗೇಣು ಜಾಸ್ತಿ ಹೋಗಬಾರದು. ಖರ್ಚಿನಲ್ಲಿ ಅರ್ಧ ತಮ್ಮದು, ದೀಪದಲ್ಲೂ ಅರ್ಧ ತಮ್ಮದು. ಮಾವನವರು ಈ ಕಡೆಯಿಂದ ಒಂದೇ ಷರತ್ತು ಹಾಕಿದರು. ಬ್ಯಾಟರಿ ಹಿರಿಯನ ಮನೆಯಲ್ಲಿರಬೇಕು. ಒಪ್ಪಿಗೆಯಾಯಿತು. ಅಷ್ಟಾದರೂ ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ, ಕೇಳಿದ್ದು ಸೋಲಾರಿನವರು.

ಕಂಬ ನೆಡುವ ದಿನ ನಾನು ಶಾಲೆಗೆ ರಜೆ ಹಾಕಿದೆ. ದನ ಮೈ ಉಜ್ಜಿದರೆ ಬಾಗಬಾರದು ಎಂದು ಸೋಲಾರಿನವರು ಭಾರವಾದ ಕಬ್ಬಿಣದ ಪೈಪು ತರಿಸಿದ್ದರು. ಹುಲ್ಲಿನ ಬಣವೆಯ ನೆರಳು ತಾಗದಷ್ಟು ಉದ್ದ. ಬೇರೆ ಯಾರೇ ಆದರೂ ಪೈಪು ನಿಲ್ಲಿಸಿ, ಏಣಿ ಹತ್ತಿ, ತುದಿಯಲ್ಲಿ ಪ್ಲೇಟು ಕೂರಿಸುತ್ತಿದ್ದರು. ಇವರು ಪೈಪನ್ನು ನೆಲದ ಮೇಲೆ ಮಲಗಿಸಿ, ಪ್ಲೇಟನ್ನು ಅಲ್ಲೇ ಬಿಗಿದು, ವೈರು ಎಳೆದು, ಎಲ್ಲ ಮುಗಿಸಿ, ಈಗ ಎತ್ತೋಣ ಎಂದರು. ಗಾಜಿನ ಪ್ಲೇಟು ತುದಿಗಿದ್ದ ಆ ಪೈಪನ್ನು ಎತ್ತುವುದು ಒಬ್ಬರಿಬ್ಬರ ಕೆಲಸವಾಗಿರಲಿಲ್ಲ. ನನ್ನ ಗಂಡ, ಚಿಕ್ಕಮಾವನವರ ಮಗ, ಸೋಲಾರಿನವರು ಮೂವರೂ ಹಿಡಿದರು. ಅಣ್ಣತಮ್ಮಂದಿರು ತಂತಮ್ಮ ಜಗುಲಿಯ ತುದಿಯಲ್ಲಿ ನಿಂತು, ಸೋಲಾರಿನವರಿಗೆ ಹೇಳುವ ನೆಪದಲ್ಲಿ ಒಬ್ಬರ ಮಾತನ್ನು ಒಬ್ಬರು ತಿದ್ದುತ್ತಿದ್ದರು. ಒಬ್ಬರು ಬಲಕ್ಕೆ ಎಂದರೆ ಇನ್ನೊಬ್ಬರು ಎಡಕ್ಕೆ.

ಪೈಪಿನ ಬುಡ ಗುಂಡಿಗೆ ಇಳಿಯಿತು. ಕಲ್ಲು, ಕಾಂಕ್ರೀಟು ತುಂಬಬೇಕು ಎನ್ನುವಷ್ಟರಲ್ಲಿ ಬಯಲಿನ ಕಡೆಯಿಂದ ಗಾಳಿ ಬೀಸಿ, ಪ್ಲೇಟು ಹಾಯಿಯಂತೆ ಗಾಳಿ ಹಿಡಿದು, ಇಡೀ ಕಂಬ ನಮ್ಮ ಮನೆಯ ಕಡೆಗೆ ವಾಲಿತು. ಮೂವರಿಗೂ ತಡೆಯಲಾಗಲಿಲ್ಲ. ಮಾವನವರು ಜಗುಲಿಯಿಂದ ಹಾರಿ ಬಂದು ಭುಜ ಕೊಟ್ಟರು. ಆ ಕಡೆಯಿಂದ ಚಿಕ್ಕಮಾವನವರು ಓಡಿಬಂದು ಎದುರು ಬದಿಗೆ ಜೋತುಬಿದ್ದರು. ಎರಡು ಮುಖಗಳ ನಡುವೆ ಪೈಪಿನಷ್ಟೇ ಅಂತರ.

"ಇಡ್ಕಳ್ಳೋ" ಎಂದರು ಮಾವ.

"ಇಡ್ದಿವ್ನಿ ಬುಡಣ್ಣ" ಎಂದರು ಚಿಕ್ಕಮಾವ.

ಕಾಂಕ್ರೀಟು ತುಂಬಿ ಸುತ್ತ ಆಸರೆಗೆ ಗಳ ಕಟ್ಟುವವರೆಗೂ ಇಬ್ಬರೂ ಹಾಗೇ ಹಿಡಿದು ನಿಂತಿದ್ದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಒಳಗೆ ಹೋದರು. ಆ ಕಡೆಯ ಬಾಗಿಲಲ್ಲಿ ಚಿಕ್ಕತ್ತೆಯೂ ಹಾಗೇ ಒಳಗೆ ಹೋದರು. ಕೆಲಸ ಮುಗಿದ ಮೇಲೆ ಮಾವನವರು ಕೈ ಕೊಡವಿಕೊಂಡು, ಏನೂ ನಡೆದಿಲ್ಲವೆನ್ನುವಂತೆ ಕೊಟ್ಟಿಗೆಯ ಕಡೆ ನಡೆದರು.

ಮರುದಿನ ಸಂಜೆ ದೀಪ ಹತ್ತಿತು. ನಮಗೆ ಎರಡು, ಅವರಿಗೆ ಎರಡು. ಬೆಳಕಿನ ಸಂಭ್ರಮ ಬಹಳ ಹೊತ್ತು ಉಳಿಯಲಿಲ್ಲ. ಅಡುಗೆಮನೆಯ ಗೋಡೆಯ ಮಸಿಯನ್ನು ಮೊದಲ ಸಲ ಸರಿಯಾಗಿ ಕಂಡ ಅತ್ತೆ, ಈ ಮನೆಯಲ್ಲಿ ಇಷ್ಟು ದಿನ ಹೇಗೆ ಬೇಯಿಸಿದೆನಪ್ಪ ಎಂದು ಹೌಹಾರಿದರು. ಮಾವನವರು ಊಟಕ್ಕೆ ಕೂತವರು ಅತ್ತೆಯನ್ನೇ ನೋಡುತ್ತ, "ನಿನ್ ತಲೆ ಯಾವಾಗೇ ಬೆಳ್ಳಗಾಯ್ತು?" ಎಂದರು. ಅತ್ತೆ ಅದಕ್ಕೆ, ದೀಪ ಆರಿಸಿದರೆ ಮತ್ತೆ ಕಪ್ಪಾಗುತ್ತದೆ, ಉಣ್ಣಿ ಎಂದರು. ವಾರದೊಳಗೆ ಇಡೀ ಮನೆಗೆ ಸುಣ್ಣ ಬಳಿಯುವ ಕೆಲಸ ಮಾವನವರ ತಲೆಗೇ ಬಿತ್ತು. ನನ್ನ ಪಾಡೂ ಸುಖವಾಗಿರಲಿಲ್ಲ. ಲಾಟೀನಿನ ಬೆಳಕಿನಲ್ಲಿ ಮಕ್ಕಳ ಅಕ್ಷರ ಕಾಣದೆ ಧಾರಾಳವಾಗಿ ಅಂಕ ಕೊಡುತ್ತಿದ್ದೆನೆಂದು ಕಾಣುತ್ತದೆ. ಆ ತಿಂಗಳ ಪರೀಕ್ಷೆಯಲ್ಲಿ ನನ್ನ ತರಗತಿಯ ಅಂಕಗಳು ಇಳಿದವು.

ಬ್ಯಾಟರಿ ಹಿರಿಯನ ಮನೆಯಲ್ಲಿರಲಿ ಎಂದು ಮಾವನವರು ಹಟ ಹಿಡಿದಾಗ ಅದರ ನೀರು ನೋಡುವ ಕೆಲಸವೊಂದಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಸೋಲಾರಿನವರು ಅದನ್ನು ಚಿಕ್ಕಮಾವನವರಿಗೆ ಹೇಳಿಕೊಟ್ಟು ಹೋಗಿದ್ದರು. ಬೇಕೆಂದೇ ಮಾಡಿದರೋ, ಅವರು ಹತ್ತಿರ ನಿಂತಿದ್ದರು ಎಂದು ಹೇಳಿದರೋ, ನನಗೆ ಗೊತ್ತಿಲ್ಲ. ಅಂತೂ ಚಿಕ್ಕಮಾವನವರು ಆಗಾಗ ಬ್ಯಾಟರಿ ನೀರಿನ ಕ್ಯಾನು ಹಿಡಿದು ನಮ್ಮ ಮನೆಗೆ ಬರತೊಡಗಿದರು. ಮೊದಮೊದಲು ಜಗುಲಿಯ ಮೂಲೆಯ ಬ್ಯಾಟರಿಯ ಮುಂದೆ ಕೂತು, ಮುಚ್ಚಳ ತೆಗೆದು ನೋಡಿ, ಯಾರಿಗೋ ಎನ್ನುವಂತೆ ಸರಿಯಾಗಿದೆ ಎಂದು ಎದ್ದು ಹೋಗುತ್ತಿದ್ದರು. ಮಾವನವರು ಅತ್ತ ಮುಖ ಮಾಡಿ ಎಲೆ ಅಡಿಕೆ ಹಾಕುತ್ತಿದ್ದರು. ಆಮೇಲೆ ನೀರು ಎಷ್ಟಿದೆ ಎಂದು ಕೇಳತೊಡಗಿದರು. ಆಮೇಲೆ ಮೋಡವಿದ್ದ ದಿನ ದೀಪ ಮಂಕಾದರೆ ಯಾರ ಮನೆಯಲ್ಲಿ ಜಾಸ್ತಿ ಹೊತ್ತು ಉರಿಸಿದ್ದು ಎನ್ನುವ ಚರ್ಚೆ. ಒಂದು ಮಳೆಗಾಲದಲ್ಲಿ ಆ ಚರ್ಚೆ ನಡೆಯುತ್ತಿರುವಾಗ ಅತ್ತೆ ಇಬ್ಬರ ಮುಂದೆಯೂ ತಟ್ಟೆ ಇಟ್ಟರು. ಇಬ್ಬರೂ ಚರ್ಚೆ ನಿಲ್ಲಿಸದೆ ಉಂಡರು.

ಇತ್ತ ನಮ್ಮ ಕಣದ ಕಂಬ ಊರಲ್ಲಿ ಹೆಸರಾಯಿತು. ನಾಲೆಯ ಏರಿಯ ಮೇಲೆ ಹೋಗುವವರಿಗೆಲ್ಲ ಕಾಣುತ್ತಿತ್ತು. ಸೋಲಾರು ಎಂದರೆ ಹೀಗೇ ಇರಬೇಕು ಎಂದು ಜನ ತೀರ್ಮಾನಿಸಿದರು. ಬೇರೆ ಕಂಪನಿಯವರು ಬಂದು ಸೂರಿನ ಮೇಲೆ ಹಾಕುತ್ತೇವೆ ಎಂದರೆ, ಅದು ಕಡಿಮೆ ದರ್ಜೆಯದು, ನಮಗೆ ಕಂಬದ ಸೋಲಾರೇ ಬೇಕು ಎನ್ನುತ್ತಿದ್ದರಂತೆ. ಸೋಲಾರಿನವರಿಗೆ ಕೈ ತುಂಬ ಕೆಲಸ. ಮೊಪೆಡ್ಡು ಹೋಗಿ ಬೈಕು ಬಂತು. ಒಮ್ಮೆ ಅವರು ಬಂದಾಗ ನಾನು ಸುಮ್ಮನಿರಲಾರದೆ, ನಿಮ್ಮ ಈ ಕಂಬದ ಉಪಾಯ ಹೊಳೆದದ್ದು ಹೇಗೆ ಎಂದು ಕೇಳಿದೆ. ಅವರು ಮೊದಲು ನನ್ನನ್ನು, ಆಮೇಲೆ ನಮ್ಮ ಸೂರನ್ನು ನೋಡಿ, ಟೋಪಿ ತೆಗೆದು, "ಎಲ್ಲಾರ್ಗೂ ಒಂದೊಂದು ಇರ್ತದೆ ಟೀಚರಮ್ಮ" ಎಂದರು.

ಕೆಲವು ವರ್ಷಗಳ ಮೇಲೆ ಕರೆಂಟಿನ ಕಂಬಗಳೂ ಬಂದವು. ಚಿಕ್ಕಮಾವನವರು ಸಹಿ ಹಾಕಿದ್ದು ನಮಗೆ ತಿಳಿದದ್ದೇ ಕಂಬದ ಗುಂಡಿ ತೋಡಿದ ಮೇಲೆ. ಮಾವನವರು ಅದಕ್ಕೂ ಒಂದು ತಕರಾರು ತೆಗೆದರು: ಕಂಬ ತೋಟದ ಅಂಚಿನಲ್ಲಿ ಬರಬೇಕಿತ್ತು, ಎರಡು ಒಳ್ಳೆಯ ಮರಗಳ ನಡುವೆ ಹಾಕಿಸಿ ತೋಟ ಕೆಡಿಸಿಕೊಂಡ ಎಂದು. ಆ ಹೊತ್ತಿಗೆ ಅಣ್ಣತಮ್ಮಂದಿರು ಬಿಟ್ಟುಹೋದ ವರ್ಷಗಳ ಜಗಳವನ್ನೆಲ್ಲ ಒಂದೊಂದಾಗಿ ಮುಗಿಸುತ್ತಿದ್ದಂತೆ ಕಾಣುತ್ತಿತ್ತು. ದಿನವೂ ಸಂಜೆ ಕಣದಲ್ಲಿ ಎದುರುಬದುರು ಕೂತು ನಾಲೆ ನೀರು, ಗೊಬ್ಬರ, ಹೋರಿಯ ಹಲ್ಲು, ಏನು ಸಿಕ್ಕಿದರೂ ಅದರ ಮೇಲೆ ದನಿ ಏರಿಸುತ್ತಿದ್ದರು.

ಚಿಕ್ಕಮಾವನವರ ಮನೆಗೆ ಹೊಸದಾಗಿ ಸೊಸೆ ಬಂದಿದ್ದಳು. ಒಂದು ಸಂಜೆ ಆ ಕೂಗಾಟ ಕೇಳಿ ಹೆದರಿ, ಬಿಡಿಸಿ ಬನ್ನಿ ದೊಡ್ಡತ್ತೆ ಎಂದು ನಮ್ಮ ಅಡುಗೆಮನೆಗೆ ಓಡಿ ಬಂದಳು. ಅತ್ತೆ ಅವಳ ಕೈಹಿಡಿದು ಮಣೆಯ ಮೇಲೆ ಕೂರಿಸಿ, "ಮಾತಾಡ್ತಾವ್ರೆ ಕಣವ್ವ, ಕೂತ್ಕೊ" ಎಂದರು. ಕಾಫಿ ಸೋಸಿ ಎರಡು ಲೋಟಕ್ಕೆ ಹಾಕಿ, ಒಂದಕ್ಕೆ ಸಕ್ಕರೆ ಕಮ್ಮಿ ಮಾಡಿ, ಕಣಕ್ಕೆ ಕೊಟ್ಟು ಬಾ ಎಂದು ಅವಳ ಕೈಗಿತ್ತರು.